ಇಡ್ಲಾ ಹಂಗಾದ್ರೆ?

ಫೋನಿನಲ್ಲಿ ಮಾತು ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಂಗ್ ಅಪ್’ ಅನ್ನುತ್ತಾರೆ. ತೂಗುಹಾಕುವುದು. ಈಗ ಯಾರೂ ಫೋನನ್ನು ಎಲ್ಲಿಗೂ ತೂಗುಹಾಕುವುದಿಲ್ಲ. ಗಾಜಿನ ಮೇಲೆ ಮೂಡಿದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಮುಟ್ಟಿದರೆ ಮುಗಿಯಿತು. ಆದರೂ ಕೊಕ್ಕೆಯಿದ್ದ ಫೋನನ್ನು ಕಣ್ಣಿಂದಲೂ ಕಾಣದ ಹುಡುಗರು ಲಂಡನ್ನಿನಲ್ಲೂ ಷಿಕಾಗೋದಲ್ಲೂ ಅದೇ ಕ್ರಿಯಾಪದವನ್ನು ಹಿಡಿದುಕೊಂಡಿದ್ದಾರೆ. ನಮ್ಮ ‘ಇಡ್ತೀನಿ’ಯೂ ಅದೇ ಜಾತಿಯದು. ಫೋನ್ ಕೈಯಲ್ಲೇ ಇರುತ್ತದೆ, ಎಲ್ಲೂ ಇಡುವುದಿಲ್ಲ. ಆದರೂ ‘ಇಡ್ಲಾ ಹಂಗಾದ್ರೆ?’ ಎಂದು ಕೇಳದೆ ನಮಗೆ ಮಾತು ಮುಗಿಸಲು ಬರುವುದಿಲ್ಲ. ಈ ಪುಟ್ಟ ಪ್ರಶ್ನೆಯ ಮೇಲೆ ನನಗೆ ತುಂಬಾ ಅಕ್ಕರೆ. ಈಚೆಗೆ ಅದರ ಬಗ್ಗೆ ಒಂದು ಭಯವೂ ಹುಟ್ಟಿದೆ. ಎರಡನ್ನೂ ಹೇಳಬೇಕು.

ಮೊದಲು ಕೊಕ್ಕೆಯ ಕಥೆ. ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಆಮೇಲೆ ಗೋಡೆಗೆ ಹೊಡೆದ ಮರದ ಪೆಟ್ಟಿಗೆಯ ಫೋನುಗಳು ಬಂದವು. ಮಾತಾಡುವ ಬಾಯಿ ಪೆಟ್ಟಿಗೆಯ ಮುಂಭಾಗದಲ್ಲಿ. ಕೇಳಿಸಿಕೊಳ್ಳುವ ತುಂಡು ಬೇರೆ, ಅದು ಪೆಟ್ಟಿಗೆಯ ಪಕ್ಕದ ಕವಲುಕೊಕ್ಕೆಯಲ್ಲಿ ತೂಗುತ್ತಿತ್ತು. ಆ ಕೊಕ್ಕೆಯೇ ಸ್ವಿಚ್ಚು ಕೂಡ. ತೂಗುಹಾಕಿದ ತುಂಡಿನ ಭಾರಕ್ಕೆ ಕೊಕ್ಕೆ ಕೆಳಗೆ ಜಗ್ಗಿದರೆ ಮಾತಿನ ತಂತಿ ಬಿಟ್ಟುಕೊಳ್ಳುತ್ತಿತ್ತು. ತುಂಡನ್ನು ಎತ್ತಿದರೆ ಸ್ಪ್ರಿಂಗಿನ ಬಲಕ್ಕೆ ಕೊಕ್ಕೆ ಮೇಲೆದ್ದು ತಂತಿ ಕೂಡಿಕೊಳ್ಳುತ್ತಿತ್ತು. ಮೊದಮೊದಲು ಅಷ್ಟೂ ಸಾಲುತ್ತಿರಲಿಲ್ಲ. ಮಾತು ಮುಗಿದ ಮೇಲೆ ಪೆಟ್ಟಿಗೆಯ ಹಿಡಿ ತಿರುಗಿಸಿ, ಗಂಟೆ ಬಾರಿಸಿ, ‘ನಮ್ಮದಾಯಿತು’ ಎಂದು ಎಕ್ಸ್‌ಚೇಂಜಿನ ಆಪರೇಟರಿಗೆ ತಿಳಿಸಬೇಕಿತ್ತು. ಬ್ರಿಟನ್ನಿನವರ ಬಾಯಲ್ಲಿ ಬಹುಕಾಲ ಓಡಾಡಿದ ‘ರಿಂಗ್ ಆಫ್’ ಎಂಬ ಮಾತು ಆ ಗಂಟೆಯಿಂದ ಬಂದದ್ದು. ಮುಂದೆ ಎಕ್ಸ್‌ಚೇಂಜೇ ಎಲ್ಲ ಮನೆಗಳಿಗೂ ವಿದ್ಯುತ್ತು ಹರಿಸುವ ಏರ್ಪಾಡು ಬಂತು, ಸಾಮಾನ್ಯವಾಗಿ 48 ವೋಲ್ಟ್. ರಿಸೀವರ್ ಎತ್ತಿದರೆ ವಿದ್ಯುತ್ತು ಹರಿಯುತ್ತದೆ, ಇಟ್ಟರೆ ನಿಲ್ಲುತ್ತದೆ. ಹರಿವು ನಿಂತದ್ದೇ ಆಪರೇಟರಿನ ಮುಂದೆ ದೀಪವೊಂದು ಸನ್ನೆ ಮಾಡುತ್ತಿತ್ತು, ಆಕೆ ಪ್ಲಗ್ಗು ಕೀಳುತ್ತಿದ್ದಳು. ಬೇರೆ ಗಂಟೆ ಬೇಡವಾಯಿತು. ಇಡುವ ಕೈಯೇ ಸುದ್ದಿ ಮುಟ್ಟಿಸುತ್ತಿತ್ತು.

ನನಗೆ ಇದರಲ್ಲಿ ತುಂಬಾ ಹಿಡಿಸುವ ಸಂಗತಿ ಇನ್ನೊಂದಿದೆ. ಡಯಲ್ ಇದ್ದ ಕಾಲದಲ್ಲಿ ನಂಬರ್ ತಿರುಗಿಸುವುದೆಂದರೆ ಏನು? 5ರ ತೂತಿಗೆ ಬೆರಳು ಹಾಕಿ ತಿರುಗಿಸಿ ಬಿಟ್ಟರೆ, ಡಯಲ್ ಹಿಂದಕ್ಕೆ ಬರುವ ದಾರಿಯಲ್ಲಿ ತಂತಿಯನ್ನು ಐದು ಸಲ ಬಿಡಿಸಿ ಕೂಡಿಸುತ್ತಿತ್ತು. ಸೊನ್ನೆಗೆ ಹತ್ತು ಸಲ. ಅಂದರೆ ಒಬ್ಬರನ್ನು ಕರೆಯುವುದೂ ಫೋನ್ ಇಡುವುದೂ ತಂತಿಯ ಮಟ್ಟಿಗೆ ಒಂದೇ ಕೆಲಸ. ವ್ಯತ್ಯಾಸ ಎಷ್ಟು ಹೊತ್ತು ಬಿಡಿಸಿರುತ್ತೀರಿ ಎಂಬುದರಲ್ಲಿ ಮಾತ್ರ. ಡಯಲ್ಲಿಗೆ ಪುಟ್ಟ ಬೀಗ ಹಾಕಿಟ್ಟಿದ್ದ ಮನೆಗಳಲ್ಲಿ, ಆಫೀಸುಗಳಲ್ಲಿ, ಕೆಲವು ಚುರುಕು ಹುಡುಗರು ರಿಸೀವರ್ ಕೂರುವ ಗುಂಡಿಯನ್ನೇ ಲೆಕ್ಕವಿಟ್ಟು ಟಕಟಕ ಒತ್ತಿ ನಂಬರ್ ಹಚ್ಚುತ್ತಿದ್ದದ್ದು ಇದೇ ಗುಟ್ಟಿನಿಂದ. ಅವಸರವಿಲ್ಲದ ಬೆರಳು, ಸರಿಯಾದ ತಾಳ ಬೇಕಿತ್ತು. ಈ ಟಕಟಕವನ್ನು ಅರ್ಥ ಮಾಡಿಕೊಂಡು ತಾನೇ ಲೈನ್ ಕೂಡಿಸುವ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಆಲ್ಮನ್ ಸ್ಟ್ರೌಜರ್. ಅವನ ಕಸುಬು ಶವಸಂಸ್ಕಾರದ ವ್ಯವಸ್ಥೆ ಮಾಡುವುದು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಎದುರಾಳಿಗೆ ಕೂಡಿಸುತ್ತಿದ್ದಾಳೆಂಬ ಅನುಮಾನದಿಂದ ಆಪರೇಟರೇ ಇಲ್ಲದ ಎಕ್ಸ್‌ಚೇಂಜನ್ನು ಕಂಡುಹಿಡಿದ ಎಂಬ ಕಥೆ ಎಲ್ಲ ಕಡೆ ಚಾಲ್ತಿಯಲ್ಲಿದೆ. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಜನರ ಬಳಕೆಗೆ ಬಂತು.

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಬೆರಳಲ್ಲೂ ಈ ಕೊಕ್ಕೆ ಇದೆ. ಬೆಲ್ ಲ್ಯಾಬ್ಸಿನಲ್ಲಿ 1969ರಲ್ಲಿ ಶುರುವಾದ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಕಂಪ್ಯೂಟರಿನ ಕೆಲಸಗಳಿಗೆ ಕೊಡುವ ಸನ್ನೆಗಳ ಪಟ್ಟಿಯೊಂದಿದೆ. ಅದರಲ್ಲಿ 1ನೇ ನಂಬರಿನದು ‘ಸಿಗ್‌ಹಪ್’. ಹಪ್ ಅಂದರೆ ಹ್ಯಾಂಗ್ ಅಪ್. ಆಗೆಲ್ಲ ಕಂಪ್ಯೂಟರಿಗೆ ದೂರದಿಂದ ಟೆಲಿಫೋನ್ ತಂತಿಯ ಮೂಲಕ ಸೇರಿಕೊಳ್ಳುತ್ತಿದ್ದರು. ಆ ಕಡೆಯವರು ಲೈನ್ ಇಟ್ಟರೆ ಅವರಿಗಾಗಿ ನಡೆಯುತ್ತಿದ್ದ ಕೆಲಸವೆಲ್ಲ ನಿಲ್ಲಲಿ ಎಂದು ಈ ಸನ್ನೆ. ನಿಲ್ಲಬಾರದು ಅನ್ನುವುದಾದರೆ ‘ನೋಹಪ್’ ಎಂದು ಮುಂಚೆಯೇ ಹೇಳಿಡಬೇಕು. ಟೆಲಿಫೋನ್ ಕಂಪನಿಯವರ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದರಿಂದ ಟೆಲಿಫೋನಿನ ಮಾತೇ ಅದಕ್ಕೆ ಬಂತು. ಇವತ್ತಿಗೂ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೂತು ದಿನವೂ ಅದನ್ನು ಬರೆಯುವವರಿದ್ದಾರೆ.

ನಮ್ಮ ‘ಇಡು’ ಬಂದದ್ದು ಕೊಕ್ಕೆಯ ಫೋನಿನಿಂದಲ್ಲ, ಮೇಜಿನ ಮೇಲಿನ ಕಪ್ಪು ಫೋನಿನಿಂದ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು, ಎಲ್ಲರ ಬಾಯಲ್ಲಿ ಐಟಿಐ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ದೇಶದ ಎಷ್ಟೋ ಮನೆಗಳ ಹಾಲಿನಲ್ಲಿ ಕ್ರೋಷಾ ಹೊದಿಕೆ ಹೊದ್ದು ಕೂತಿದ್ದ ಆ ಭಾರದ ಫೋನು ಅಲ್ಲಿಂದ ಹೊರಟದ್ದು. ರಿಸೀವರ್ ನಿಜಕ್ಕೂ ಭಾರವಿತ್ತು. ಮೆಲ್ಲನೆ ಇಡಬಹುದಿತ್ತು, ಸುಮ್ಮನೆ ಇಡಬಹುದಿತ್ತು, ಕುಕ್ಕಬಹುದಿತ್ತು. ಕೋಣೆಯಲ್ಲಿದ್ದವರಿಗೆ ಆ ಸದ್ದಿನಿಂದಲೇ ಮಾತು ಹೇಗೆ ಮುಗಿಯಿತೆಂದು ಗೊತ್ತಾಗುತ್ತಿತ್ತು. ಸಾವಿನ ಮನೆಯಲ್ಲಿ ಸಂಜೆಯ ಹೊತ್ತಿಗೆ ಯಾರೋ ಹಿರಿಯರು ‘ಒಂಚೂರು ಹೊತ್ತು ರಿಸೀವರ್ ಪಕ್ಕಕ್ಕಿಡಿ’ ಅನ್ನುತ್ತಿದ್ದರು. ಆಗ ಹೊರಗಿನವರಿಗೆ ಬರೀ ಎಂಗೇಜ್ ಸದ್ದು. ಅದೂ ಒಂದು ಬಗೆಯ ಬಾಗಿಲು ಮುಂದೆ ಮಾಡುವುದೇ.

ಮೊಬೈಲ್ ಬಂದ ಮೇಲೆ ‘ಕಟ್’ ಬಂತು. ಇದರಲ್ಲಿ ಕನ್ನಡ ಒಂದು ಸೂಕ್ಷ್ಮವನ್ನು ತಂದಿಟ್ಟಿದೆ. ‘ಕಟ್ ಆಯ್ತು’ ಎಂದರೆ ಯಾರ ತಪ್ಪೂ ಇಲ್ಲ. ಘಾಟಿಯ ತಿರುವು, ಲಿಫ್ಟು, ಸಿಗ್ನಲ್ಲು. ‘ಕಟ್ ಮಾಡಿದ’ ಎಂದರೆ ಮನಸ್ತಾಪ. ಜಗಳದ ಮಧ್ಯೆ ನಿಜಕ್ಕೂ ಸಿಗ್ನಲ್ ಹೋದರೆ ಮರುಕ್ಷಣ ಕರೆ ಮಾಡಿ ‘ನಾನು ಮಾಡಿದ್ದಲ್ಲ, ಆಯ್ತು’ ಎಂದು ಹೇಳದಿದ್ದರೆ ಸಮಾಧಾನವಿಲ್ಲ. ಇಂಗ್ಲಿಷಿನಲ್ಲಿ ಈ ಮನಸ್ತಾಪ ಕೊನೆಗೆ ಸೇರುವ ‘ಆನ್’ ಎಂಬ ಪುಟ್ಟ ಪದದಲ್ಲಿದೆ: ‘ಷಿ ಹಂಗ್ ಅಪ್’ ಎಂದರೆ ಮಾತು ಮುಗಿಸಿದಳು, ‘ಷಿ ಹಂಗ್ ಅಪ್ ಆನ್ ಮಿ’ ಎಂದರೆ ನನ್ನ ಮಾತು ಮುಗಿಯುವ ಮೊದಲೇ ಮುಖದ ಮೇಲೆ ಹೊಡೆದ ಹಾಗೆ ಇಟ್ಟಳು. ‘ಇಡ್ತೀನಿ’ಯಲ್ಲಿ ಇಂಥ ಏಟಿಲ್ಲ. ಅದು ಹೊರಟವರು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ, ದೀಪ ಆರಿತು ಅನ್ನದೆ ದೊಡ್ಡದಾಯಿತು ಅನ್ನುವ ಬಾಯಿಂದಲೇ ಬಂದದ್ದು. ಮುಗಿಯಿತು ಎಂಬುದನ್ನು ಬಾಯಿಬಿಟ್ಟು ಹೇಳಲು ನಮಗೆ ಮೊದಲಿನಿಂದಲೂ ಮನಸ್ಸಿಲ್ಲ.

ಮನಸ್ಸಿಲ್ಲದ್ದರಿಂದಲೇ ಮುಗಿಸುವುದು ದೊಡ್ಡ ಕೆಲಸವಾಗುತ್ತದೆ. ಕ್ಯಾಲಿಫೋರ್ನಿಯಾದ ಇಬ್ಬರು ಸಮಾಜಶಾಸ್ತ್ರಜ್ಞರು, ಇಮ್ಯಾನುಯೆಲ್ ಷೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್, 1973ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಸ್ಯಾಕ್ಸ್ ಅದಕ್ಕೂ ಮೊದಲು ಲಾಸ್ ಏಂಜಲೀಸಿನ ಆತ್ಮಹತ್ಯೆ ತಡೆ ಕೇಂದ್ರದಲ್ಲಿ, ಅಲ್ಲಿಗೆ ಬಂದ ಫೋನ್ ಕರೆಗಳ ಧ್ವನಿಮುದ್ರಣಗಳನ್ನು ಕೂತು ಕೇಳಿದವರು. ಅವರಿಬ್ಬರೂ ಕಂಡದ್ದು ಇಷ್ಟು: ಮಾತು ತಾನಾಗಿ ಮುಗಿಯುವುದಿಲ್ಲ, ಇಬ್ಬರೂ ಕೂಡಿ ಅದನ್ನು ಮುಗಿಸಬೇಕು. ಅದಕ್ಕಾಗಿ ಒಬ್ಬರು ‘ವೆಲ್’, ‘ಓಕೆ’ ಎಂದು ಒಂದು ಖಾಲಿ ಮಾತನ್ನು ಮುಂದಿಡುತ್ತಾರೆ. ನನಗೆ ಹೊಸದಾಗಿ ಹೇಳುವುದೇನೂ ಇಲ್ಲ, ನಿನಗಿದ್ದರೆ ಹೇಳು ಎಂದು ಅದರರ್ಥ. ಆ ಕಡೆಯವರೂ ಅಷ್ಟೇ ಖಾಲಿ ಮಾತಿನಿಂದ ಉತ್ತರ ಕೊಟ್ಟರೆ ಮಾತ್ರ ವಿದಾಯದ ಸರದಿ ಬರುತ್ತದೆ. ಹೊಸ ವಿಷಯ ತೆಗೆದರೆ ಎಲ್ಲ ಮೊದಲಿನಿಂದ.

ಕನ್ನಡದಲ್ಲಿ ಆ ಖಾಲಿ ಮಾತು ‘ಮತ್ತೆ?’. ಎಷ್ಟು ಒಳ್ಳೆಯ ಪದ! ರಾಗ ಸ್ವಲ್ಪ ಮೇಲೇರಿದರೆ ‘ಇನ್ನೂ ಏನಾದರೂ ಹೇಳು’, ಸ್ವಲ್ಪ ಇಳಿದರೆ ‘ಮುಗಿಸೋಣವಾ’. ಎರಡರಲ್ಲಿ ಯಾವುದೆಂದು ಕೇಳುವವರೇ ತೀರ್ಮಾನಿಸಲಿ ಎಂದು ಬಿಟ್ಟುಕೊಡುವ ಔದಾರ್ಯ ಅದರಲ್ಲಿದೆ. ‘ಮತ್ತೆ?’ ‘ಮತ್ತೇನಿಲ್ಲ, ನೀನೇ ಹೇಳ್ಬೇಕು.’ ‘ಏನಿದೆ ಹೇಳಕ್ಕೆ. ಊಟ ಆಯ್ತಾ?’ ಊಟದಿಂದ ಸಾರು, ಸಾರಿನಿಂದ ತೊಗರಿಬೇಳೆಯ ರೇಟು, ಅಲ್ಲಿಂದ ಊರಿನ ಮಳೆ. ಇನ್ನೊಂದು ‘ಮತ್ತೆ?’. ಮನೆಗೆ ಬಂದವರನ್ನು ಗೇಟಿನ ತನಕ ಕಳಿಸಲು ಹೋಗಿ, ಗೇಟಿನ ಬಳಿ ನಿಂತೇ ಅಸಲು ವಿಷಯ ಮಾತಾಡುತ್ತೇವಲ್ಲ, ಫೋನಿನಲ್ಲೂ ಹಾಗೆಯೇ. ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ತವರಿಗೆ ಹೇಳಬೇಕಾದ ಕಷ್ಟ ಬಾಯಿಗೆ ಬರುವುದು ಮೊದಲನೇ ‘ಇಡ್ಲಾ?’ ಆದ ಮೇಲೆ, ಎರಡನೆಯದಕ್ಕೆ ಮುಂಚೆ. ಮೊದಲ ಕೇಳಿಕೆಗೇ ಇಟ್ಟುಬಿಡುವ ಮನೆಯವರಿಗೆ ಮಗಳ ಸಂಗತಿ ಗೊತ್ತಾಗುವುದೇ ಇಲ್ಲ. ಹುಬ್ಬಳ್ಳಿ ಕಡೆ ‘ಇಡ್ಲೇನ್ರೀ ಹಂಗಾರ?’, ಮಂಗಳೂರಿನಲ್ಲಿ ‘ಇಡ್ತೇನೆ ಆಯ್ತಾ’, ಮೈಸೂರಿನಲ್ಲಿ ‘ಇಡ್ತೀನಿ ಕಣೇ’. ರಾಗ ಬೇರೆ, ಕಾಯುವಿಕೆ ಒಂದೇ. ಹೇಳಿ ಒಂದು ಕ್ಷಣ ಕಾಯುತ್ತಾರೆ.

ಹಣ ಕೊಟ್ಟು ಮಾತಾಡುವ ಕಾಲದಲ್ಲಿ ಈ ಕಾಯುವಿಕೆಗೆ ಜಾಗವಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕೂತವರಿಗೆ ಮೂರು ನಿಮಿಷಕ್ಕೆ ಆಪರೇಟರಿನ ದನಿ ನಡುವೆ ಬರುತ್ತಿತ್ತು. ಎಸ್‌ಟಿಡಿ ಬೂತಿನಲ್ಲಿ ತಲೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು. ದರ ಕಾಲುಭಾಗಕ್ಕಿಳಿಯುವ ರಾತ್ರಿಯ ಹೊತ್ತಿಗೆ ಬೂತಿನ ಮುಂದೆ ಸಾಲು. ಗಲ್ಫಿನಲ್ಲಿದ್ದ ಕರಾವಳಿಯ ಹುಡುಗರು ಮನೆಗೆ ಮಾಡುತ್ತಿದ್ದ ಕರೆಗಳಲ್ಲಿ ‘ಮತ್ತೆ?’ ಎನ್ನುವುದಕ್ಕೂ ದುಡ್ಡಿತ್ತು. 1995ರ ಜುಲೈ 31ರಂದು ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್‌ಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ, ಮೊಬೈಲಿಗೆ ಬಂದ ಕರೆ ಎತ್ತಿದವರೂ ಹಣ ಕೊಡಬೇಕಾದ ಕಾಲವದು. 2003ರಲ್ಲಿ ಒಳಬರುವ ಕರೆ ಬಿಟ್ಟಿಯಾಯಿತು, 2016ರ ಜಿಯೋ ನಂತರ ಮಾಡುವ ಕರೆಗೂ ಲೆಕ್ಕ ಹೋಯಿತು. ಅವಸರ ಹೋದ ಮೇಲೆ ಉಳಿದದ್ದು ಸಂಕೋಚ. ಈಗ ಮಾತು ನಿಲ್ಲಿಸಬೇಕಾದ್ದು ಮನುಷ್ಯರೇ.

ಆ ಸಂಕೋಚಕ್ಕೆ ನಮ್ಮಲ್ಲಿ ಒಂದು ಮೇಲುಕೀಳಿನ ಏಣಿಯಿದೆ. ಹಿರಿಯರು ಇಡುವ ತನಕ ಕಿರಿಯರು ಇಡಬಾರದು. ಬೀಗರು ಇಡಲಿ, ಆಮೇಲೆ ನಾವು. ಮೇಷ್ಟ್ರು, ಡಾಕ್ಟ್ರು, ಸಾಹೇಬ್ರು ಆ ಕಡೆಯಿದ್ದರೆ ಅವರ ಲೈನ್ ಕಟ್ ಆದ ಸದ್ದು ಬರುವವರೆಗೆ ಕಿವಿಗೊಟ್ಟು ನಿಲ್ಲಬೇಕು. ಪ್ರೀತಿಯಿಂದ ಮಾಡಿದಾಗ ಇದು ಚೆಂದವೇ. ಆದರೆ ರಾತ್ರಿ ಹತ್ತಕ್ಕೆ ಮ್ಯಾನೇಜರ್ ಫೋನ್ ಮಾಡಿದಾಗ ಇಡಲಾಗದೆ ನಿಂತವನ ಕಷ್ಟವೂ ಇದರಿಂದಲೇ ಬರುತ್ತದೆ. ಕೆಲಸದ ಹೊತ್ತಿನಾಚೆ ಬರುವ ಕರೆಗೆ ಉತ್ತರಿಸದೆ ಇರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಾಗಿ ಜಾರಿಗೆ ತಂದವು. ನಮ್ಮಲ್ಲಿ ಇದೇ ಹಕ್ಕಿಗಾಗಿ ಖಾಸಗಿ ಸದಸ್ಯರ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ. ಅದು ಬೇಗ ಆಗಲಿ ಎಂದು ನನ್ನ ಆಸೆ.

ಯಂತ್ರಕ್ಕೂ ಒಂದು ಕಾಲದಲ್ಲಿ ಇದೇ ಏಣಿಯಿತ್ತು. ಸ್ಟ್ರೌಜರ್ ಮಾದರಿಯ ಹಳೆಯ ಎಕ್ಸ್‌ಚೇಂಜುಗಳಲ್ಲಿ ಸಾಮಾನ್ಯವಾಗಿ ಲೈನ್ ಕರೆದವರ ಸ್ವತ್ತು. ಕರೆದವರು ಇಟ್ಟರೆ ಮಾತ್ರ ಸಂಪರ್ಕ ಕಡಿಯುತ್ತಿತ್ತು. ಕರೆಸಿಕೊಂಡವರು ಇಟ್ಟು ಮತ್ತೆ ಎತ್ತಿದರೆ ಅದೇ ಮನುಷ್ಯ ಆ ಕಡೆ ಇನ್ನೂ ಇರುತ್ತಿದ್ದ. ಬ್ರಿಟನ್ನಿನ ಲ್ಯಾಂಡ್‌ಲೈನುಗಳಲ್ಲಿ ಈ ಗುಣ ಬಹಳ ಕಾಲ ಉಳಿದಿತ್ತು. ವಂಚಕರು ಅದನ್ನೇ ಬಂಡವಾಳ ಮಾಡಿಕೊಂಡರು. ವಯಸ್ಸಾದವರಿಗೆ ಪೊಲೀಸರೆಂದು ಫೋನ್ ಮಾಡುವುದು, ‘ಅನುಮಾನವಿದ್ದರೆ ಇಟ್ಟು, ನಿಮ್ಮ ಬ್ಯಾಂಕಿಗೇ ಕರೆ ಮಾಡಿ ವಿಚಾರಿಸಿ’ ಅನ್ನುವುದು, ತಾವು ಮಾತ್ರ ಇಡದೆ ಹಾಗೇ ಕೂರುವುದು. ಪಾಪ, ಆ ಅಜ್ಜಿ ಇಟ್ಟು, ಎತ್ತಿ, ಬ್ಯಾಂಕಿನ ನಂಬರ್ ಒತ್ತಿದರೆ ಕೇಳುವುದು ಅದೇ ಕಳ್ಳರ ಗುಂಪಿನ ಇನ್ನೊಂದು ದನಿ. ತಾನು ಫೋನ್ ಇಟ್ಟೆನೆಂದು ಆಕೆ ನಂಬಿದ್ದಳು. ತಂತಿ ಇಡಲು ಬಿಟ್ಟಿರಲಿಲ್ಲ. ಇಟ್ಟ ಮೇಲೂ ಲೈನ್ ತೆರೆದಿರುವ ಆ ಸಮಯವನ್ನು ಅಲ್ಲಿನ ಟೆಲಿಫೋನ್ ಕಂಪನಿಗಳು ಕೆಲವೇ ಸೆಕೆಂಡುಗಳಿಗೆ ಇಳಿಸಬೇಕಾಯಿತು.

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದಕ್ಕೆ ತಂತಿಯ ಸಹಾಯವೂ ಬೇಕಿಲ್ಲ. ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರಲ್ಲ, ಅದರ ಇಡೀ ಶಕ್ತಿ ಇರುವುದು ಫೋನ್ ಇಡಬೇಡಿ ಎಂಬ ಒಂದೇ ಆಜ್ಞೆಯಲ್ಲಿ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ನಂಬರಿನಿಂದ ಹಣ ಸಾಗಿಸಿದ್ದಾರೆ ಎಂದು ಮೊದಲ ಕರೆ. ಆಮೇಲೆ ವಿಡಿಯೋ ಕರೆ. ಆ ಕಡೆ ಸಮವಸ್ತ್ರ, ಹಿಂದೆ ಪೊಲೀಸ್ ಠಾಣೆಯಂತೆ ಕಾಣುವ ಗೋಡೆ. ಕ್ಯಾಮೆರಾ ಆಫ್ ಮಾಡಬಾರದು, ಮನೆಯವರಿಗೆ ಹೇಳಬಾರದು, ಕರೆ ಕಟ್ ಮಾಡಿದರೆ ಈಗಲೇ ಬಂಧಿಸುತ್ತೇವೆ. ಹೀಗೆ ಗಂಟೆಗಟ್ಟಲೆ, ದಿನಗಟ್ಟಲೆ ಜನ ತಮ್ಮ ಮನೆಯೊಳಗೇ ಒಂದು ಫೋನಿನ ಮುಂದೆ ಕೂತಿದ್ದಾರೆ. ಲುಧಿಯಾನದ ವರ್ಧಮಾನ್ ಜವಳಿ ಸಮೂಹದ ಎಸ್.ಪಿ. ಓಸ್ವಾಲ್ ಪದ್ಮಭೂಷಣ ಪಡೆದ ಉದ್ಯಮಿ. ಎಂಬತ್ತು ದಾಟಿದ ಅವರಿಂದ 2024ರಲ್ಲಿ 7 ಕೋಟಿ ರೂಪಾಯಿ ಕಿತ್ತುಕೊಂಡ ಗುಂಪು ನಕಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನೇ ನಡೆಸಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರಿನಲ್ಲೇ ಬದುಕು ಕಳೆಯುವವರೂ ಕೋಟಿಗಟ್ಟಲೆ ಕಳೆದುಕೊಂಡಿದ್ದಾರೆ. ಅದೇ ವರ್ಷ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಎತ್ತಿಕೊಂಡು, ಇಂಥ ಬಂಧನ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಹೇಳಬೇಕಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ‘ಅಷ್ಟೂ ತಿಳಿಯಲಿಲ್ಲವೇ’ ಎಂದು ಕೇಳುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಹೆದರಿಕೆ ಇದ್ದೇ ಇರುತ್ತದೆ, ನಿಜ. ಆದರೆ ಹೆದರಿಕೆಗೂ ಮುಂಚೆ ಕೆಲಸ ಮಾಡುವುದು ಅಭ್ಯಾಸ. ಆ ಕಡೆಯವರು ಇನ್ನೂ ಮಾತಾಡುತ್ತಿದ್ದಾರೆ, ನಡುವೆ ಇಡಬಾರದು. ದನಿ ಅಧಿಕಾರಿಯದು, ಅವರೇ ಇಡಲಿ. ಇದನ್ನು ಆ ಹಿರಿಯರಿಗೆ ಕಲಿಸಿದವರು ನಾವೆಲ್ಲ, ಒಳ್ಳೆಯ ಗುಣವೆಂದೇ ಕಲಿಸಿದ್ದು. ಕಳ್ಳರು ಮೊದಲು ಕದಿಯುವುದು ಅದನ್ನು. ಬ್ಯಾಂಕಿನ ಹಣ ಆಮೇಲೆ.

ನಮ್ಮ ಚಿಕ್ಕಮ್ಮ ಒಬ್ಬರೇ ಇರುವವರು. ಅವರಿಗೆ ಇದನ್ನು ಹೇಳಿಕೊಡುವಾಗ ಕಷ್ಟವಾದದ್ದು ವಂಚನೆಯ ಬಗೆ ತಿಳಿಸುವುದರಲ್ಲಲ್ಲ. ಅದನ್ನು ಅವರು ಟೀವಿಯಲ್ಲಿ ನೋಡಿ ನನಗಿಂತ ಚೆನ್ನಾಗಿ ಬಲ್ಲರು. ಹೇಳದೆ ಕೇಳದೆ ಮಧ್ಯದಲ್ಲೇ ಇಡಬೇಕು ಎಂಬುದು ಅವರಿಗೆ ಒಗ್ಗಲಿಲ್ಲ. ‘ಎದುರಿಗಿರೋರು ಮಾತಾಡ್ತಿದ್ರೆ ಹೆಂಗೆ ಇಡೋದು? ಯಾರೇ ಆಗ್ಲಿ.’ ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ‘ಇಡ್ತೀನಪ್ಪ’ ಎಂದು ಹೇಳಬಹುದು, ಉತ್ತರಕ್ಕೆ ಕಾಯಬಾರದು. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ 1930 ಎಂದು ದಪ್ಪಗೆ ಬರೆದೆವು. ಹಣ ಹೋಗಿದ್ದರೂ ಸರಿ, ಹೋಗುವ ಹಾಗೆ ಕಂಡರೂ ಸರಿ, ಸೈಬರ್ ವಂಚನೆಗೆ ಅದೇ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಅದರ ಕೆಳಗೆ ನನ್ನ ನಂಬರು.

ಅಭ್ಯಾಸವೂ ಮಾಡಿದೆವು. ನಾನು ಪಕ್ಕದ ಕೋಣೆಯಿಂದ ಫೋನ್ ಮಾಡಿ ಗಡಸು ದನಿಯಲ್ಲಿ ಇನ್ಸ್‌ಪೆಕ್ಟರ್ ಆದೆ. ಅವರು ಕೇಳಿಸಿಕೊಂಡರು, ನನ್ನ ವಾಕ್ಯ ಮುಗಿಯಲಿಲ್ಲ, ‘ಇಡ್ತೀನಪ್ಪ’ ಎಂದು ಇಟ್ಟೇಬಿಟ್ಟರು. ಆಮೇಲೆ ಬಾಗಿಲಲ್ಲಿ ಬಂದು ನಿಂತು ಕೇಳಿದರು:

‘ಅಲ್ಲ, ನಿಜವಾದ ಪೊಲೀಸ್ರೇ ಆಗಿದ್ರೆ?’

‘ನಿಜವಾದವರಾದ್ರೆ ಮನೆಗೆ ಬರ್ತಾರೆ ಚಿಕ್ಕಮ್ಮ, ನೋಟಿಸ್ ಕೊಡ್ತಾರೆ. ಫೋನ್ ಇಟ್ಟಿದ್ದಕ್ಕೆ ಯಾರನ್ನೂ ಹಿಡ್ಕೊಂಡು ಹೋಗಲ್ಲ.’

‘ಬಂದ್ರೆ ಬರ್ಲಿ ಬಿಡು,’ ಎಂದರು. ‘ಮುಖ ನೋಡಿ ಮಾತಾಡ್ಬೋದು.’